ಗೆರೆ ಮುಟ್ಟಿದ ರಕ್ತ

ನವೆಂಬರ್ 4, ಸೋಮವಾರ

ನಮ್ಮ ಸಂಘದ ಜೊತೆಗಿನ ಸೆಪ್ಟೆಂಬರಿನ ಒಪ್ಪಂದದಲ್ಲಿ ಆಸ್ಪತ್ರೆಯ ಆಡಳಿತದವರು ಕೊಡುತ್ತೇವೆಂದು ಸಹಿ ಹಾಕಿದ್ದು ಮೂರು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಮೇಜಿಗೆ ಇನ್ನೊಬ್ಬ ತಂತ್ರಜ್ಞ. ರಕ್ತವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ, ಈಗ ಗಡಗಡ ನಡುಗುವ ಸೆಂಟ್ರಿಫ್ಯೂಜಿನ ಜಾಗಕ್ಕೆ ಹೊಸದು. ವಾರ್ಡುಗಳಲ್ಲಿ ರಕ್ತ ತೆಗೆಯುವಾಗ ಮೊದಲು ಹಿಡಿದು ಬಿಸಾಡುವ ಖಾಲಿ ಟ್ಯೂಬು, ಹಿಂದೆ ಇದ್ದಂತೆ.

ತಂತ್ರಜ್ಞ ಬರಲಿಲ್ಲ. ಯಂತ್ರ ಬರಲಿಲ್ಲ. ಟ್ಯೂಬಿನ ಬಗ್ಗೆ ಕೇಳಿದರೆ, "ಬಿಸಾಡೋಕೆ ಅಂತ ಯಾರಾದ್ರೂ ಕೊಂಡ್ಕೋತಾರೇನ್ರೀ?" ಎಂದು ನಕ್ಕರು. ಬಂದದ್ದು ಒಂದು ಪೋಸ್ಟರ್: 'ನಿಖರತೆಯೇ ನಮ್ಮ ಪ್ರೀತಿ'. ಕೆಳಗೆ ಹಲ್ಲು ಕಿರಿಯುವ ಹೃದಯದ ಚಿತ್ರ.

ಇರಲಿ. ಕೊಡದಿದ್ದರೆ ಕಿತ್ತುಕೊಳ್ಳುವುದು ನನಗೆ ಗೊತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಇದೇ ಮಾಸಾನ್ ಊರಿನ ರಫ್ತು ವಲಯದ ಗೇಟಿನ ಮುಂದೆ ಹನ್ನೆರಡು ದಿನ ಮುಷ್ಕರ ಕೂತವಳು ನಾನು. ಆಮೇಲೆ ಓದಿ ಈ ಲ್ಯಾಬಿಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ಟಾಕ್ ಸುನ್-ಓಕ್ ಎಂಬ ಈ ನನ್ನ ಕೈಯಿಂದ ಒಂದು ಸುಳ್ಳು ಸಂಖ್ಯೆ ಹೊರಗೆ ಹೋಗಿಲ್ಲ. ಕಳೆದ ತಿಂಗಳು ನಾನೇ ಸುತ್ತೋಲೆ ಬರೆದೆ: ಹೆಪ್ಪುಗಟ್ಟುವ ಪರೀಕ್ಷೆಗೆ ಬರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗೆರೆ ಮುಟ್ಟದಿದ್ದರೆ ಅದನ್ನು ಲ್ಯಾಬು ಮುಟ್ಟುವುದಿಲ್ಲ, ವಾಪಸ್. ಯಾವ ವಾರ್ಡಿನದು ಎಷ್ಟು ವಾಪಸಾಯಿತು ಎಂಬುದು ಊಟದ ಕೋಣೆಯ ಹೊರಗಿನ ಬೋರ್ಡಿನ ಮೇಲೆ. ಮೂರು ಸಲ ವಾಪಸಾದರೆ ಆ ನರ್ಸ್ ತಪ್ಪೊಪ್ಪಿಗೆ ಪತ್ರ ಬರೆದು ಪಾಳಿ ಬದಲಾಗುವಾಗ ಎಲ್ಲರ ಮುಂದೆ ಓದಬೇಕು. ಪತ್ರದ ಸಾಲನ್ನು ನಮ್ಮ ವಿಭಾಗದ ಮುಖ್ಯಸ್ಥ ಡಾ. ಯೋಮ್ ಸೇರಿಸಿದ್ದು. ನಾನು ಬೇಡವೆನ್ನಲಿಲ್ಲ.

ಇವತ್ತು ಏಳನೇ ವಾರ್ಡಿನಿಂದ ನಾಲ್ಕು ಟ್ಯೂಬು ಅರೆಬರೆ. ಅಲ್ಲಿಯ ನರ್ಸಿಗೆ ಫೋನು ಮಾಡಿದೆ.

"ಮೇಡಂ, ಅಜ್ಜಿ ನರ ಸಿಗ್ತಾನೇ ಇಲ್ಲ. ಸಣ್ಣ ನರಕ್ಕೆ ಅಂತ ಚಿಟ್ಟೆ ಸೂಜಿ ಹಾಕಿದ್ರೆ ಅದರ ಪೈಪಲ್ಲಿರೋ ಗಾಳಿನೇ ಮೊದಲು ಟ್ಯೂಬಿಗೆ ಹೋಗುತ್ತೆ. ರಕ್ತ ಅರ್ಧಕ್ಕೇ ನಿಂತುಬಿಡುತ್ತೆ. ಮುಂಚೆ ಆದ್ರೆ ಆ ಗಾಳಿಗೆ ಬಿಸಾಡೋ ಟ್ಯೂಬು ಇತ್ತು…"

"ಅದನ್ನ ಆಡಳಿತದವರ ಹತ್ರ ಹೇಳಿ. ನನಗೆ ಗೆರೆ ಮುಟ್ಟಿರಬೇಕು, ಅಷ್ಟೇ."

"ಹೆಂಗೆ ಮುಟ್ಟಿಸ್ಲಿ?"

"ಹೆಂಗಾದ್ರೂ ಮುಟ್ಟಿಸಿ!"

ಟ್ಯೂಬಿನ ತಳದಲ್ಲಿ ಮೊದಲೇ ಒಂದಿಷ್ಟು ಔಷಧದ ನೀರು ಇರುತ್ತದೆ, ರಕ್ತ ದಾರಿಯಲ್ಲೇ ಹೆಪ್ಪುಗಟ್ಟದಿರಲಿ ಎಂದು. ಒಂದು ಪಾಲು ಔಷಧಕ್ಕೆ ಒಂಬತ್ತು ಪಾಲು ರಕ್ತ. ಗೆರೆ ಇರುವುದು ಅದಕ್ಕೇ. ರಕ್ತ ಕಮ್ಮಿಯಾದರೆ ಔಷಧದ ಕೈ ಮೇಲಾಗಿ, ರಕ್ತ ಇರುವುದಕ್ಕಿಂತ ತೆಳು ಎಂದು ಯಂತ್ರ ಸುಳ್ಳು ಹೇಳುತ್ತದೆ. ಇದನ್ನೆಲ್ಲ ಫೋನಿನಲ್ಲಿ ಪಾಠ ಮಾಡುತ್ತ ಕೂರಲು ನನಗೆ ಪುರುಸೊತ್ತಿಲ್ಲ. ಬೋರ್ಡಿನಲ್ಲಿ ಏಳನೇ ವಾರ್ಡಿನವಳಿಗೆ ಕೆಂಪು ಗುರುತು ನಾಲ್ಕು.

ನವೆಂಬರ್ 7, ಗುರುವಾರ

ಏಳನೇ ವಾರ್ಡು: ಸೊನ್ನೆ. ಮೂರನೇ ವಾರ್ಡು: ಒಂದು. ಬೋರ್ಡು ಕೆಲಸ ಮಾಡುತ್ತಿದೆ! ನಾಚಿಕೆ ಅನ್ನುವುದು ಇದ್ದರೆ ಕೈ ತಾನಾಗಿ ನೆಟ್ಟಗಾಗುತ್ತದೆ.

ನವೆಂಬರ್ 12, ಮಂಗಳವಾರ

ಇಡೀ ಆಸ್ಪತ್ರೆಯಿಂದ ಐದು ದಿನದಲ್ಲಿ ವಾಪಸಾದದ್ದು ಎರಡೇ ಟ್ಯೂಬು. ಡಾ. ಯೋಮ್ ಬೆಳಿಗ್ಗೆಯ ಸಭೆಯಲ್ಲಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಒಂದು ಪೆಟ್ಟಿಗೆ ಪರ್ಸಿಮನ್ ಹಣ್ಣು ಕೊಟ್ಟರು. ಹಣ್ಣು ಚೆನ್ನಾಗಿವೆ, ಗಟ್ಟಿ.

ನವೆಂಬರ್ 15, ಶುಕ್ರವಾರ

ಸೋಕ್ ಅಜ್ಜಿಗೆ ಪಾರ್ಶ್ವವಾಯು ಹೊಡೆದಿದೆ.

ಮೀನು ಮಾರುಕಟ್ಟೆಯ ಬಾಗಿಲಲ್ಲೇ ಸಿಂಪಿ ಬಿಡಿಸುತ್ತ ಕೂರುವ ಅಜ್ಜಿ. ಎದೆಯಲ್ಲಿ ಲೋಹದ ಕವಾಟ. ಅದರ ಮೇಲೆ ರಕ್ತ ಗರಣೆಗಟ್ಟದಿರಲೆಂದು ಹನ್ನೊಂದು ವರ್ಷದಿಂದ ರಕ್ತ ತೆಳುವಾಗಿಸುವ ಮಾತ್ರೆ. ಕಾಲಿಗೆ ಸಿಂಪಿ ಚಿಪ್ಪು ಹೊಕ್ಕು ಕೀವಾಗಿ ಮೂರು ವಾರದಿಂದ ಏಳನೇ ವಾರ್ಡಿನಲ್ಲಿದ್ದಳು. ನಾನು ಕಂಡರೆ ಸಾಕು, "ಏನವ್ವಾ, ನನ್ ರಕ್ತ ಕುಡ್ದು ದಪ್ಪ ಆಗಿದ್ದೀಯಲ್ಲ, ಸಿಂಪಿಲಿ ಒಂದ್ ಹಿಡಿ ಕಮ್ಮಿ ಹಾಕ್ತೀನಿ ನೋಡು" ಅನ್ನುತ್ತಿದ್ದಳು.

ಬಲಗೈ ಹೋಗಿದೆ. ಮಾತು ಹೋಗಿದೆ.

ನಮ್ಮ ದಾಖಲೆ ತೆಗೆದು ನೋಡಿದೆ. ಐದನೇ ತಾರೀಕು ರಕ್ತ ತೀರಾ ತೆಳು ಎಂದು ಬಂದಿತ್ತು, ಡಾಕ್ಟರು ಮಾತ್ರೆ ಇಳಿಸಿದರು. ಎಂಟಕ್ಕೂ ತೆಳು, ಮತ್ತೆ ಇಳಿಸಿದರು. ಹನ್ನೆರಡಕ್ಕೆ ಸರಿಯಾಗಿದೆ ಎಂದು ಬಂತು. ಮೂರೂ ಟ್ಯೂಬು ಗೆರೆ ಮುಟ್ಟಿವೆ. ಮೂರೂ ದಿನ ಯಂತ್ರ ಸರಿಯಿತ್ತು. ಬೆಳಿಗ್ಗೆ ನಾನೇ ಪರೀಕ್ಷಿಸಿದ್ದೇನೆ. ತಪ್ಪು ಲ್ಯಾಬಿನದಲ್ಲ.

ನವೆಂಬರ್ 18, ಸೋಮವಾರ

ವಿಚಾರಣಾ ಸಮಿತಿ ಮಾಡಿದ್ದಾರೆ. ಮಾತ್ರೆ ಕೊಡುವುದರಲ್ಲಿ ನರ್ಸ್ ಎಡವಟ್ಟು ಮಾಡಿದ್ದಾಳೆ ಎಂಬುದು ಅವರ ಊಹೆ. ಊಹೆ ಅಲ್ಲ, ತೀರ್ಮಾನ. ಹೆಸರು ಪ್ಯೋ ಇನ್-ಜು. ಅದೇ ಏಳನೇ ವಾರ್ಡಿನವಳು, ಫೋನಿನವಳು. ರೋಗಿಗಳನ್ನು ಮುಟ್ಟಬಾರದೆಂದು ಬಟ್ಟೆ ಕೋಣೆಗೆ ಹಾಕಿದ್ದಾರೆ. ತಪ್ಪು ಸಾಬೀತಾದರೆ ಲೈಸೆನ್ಸ್ ರದ್ದು ಮಾಡಲು ಬರೆಯುತ್ತಾರಂತೆ.

ಸಂಘದ ಅಧ್ಯಕ್ಷ ಗ್ವಾಕ್ ಡಲ್-ಸು ಸ್ಟ್ರೆಚರ್ ತಳ್ಳಿಕೊಂಡೇ ನನ್ನ ಬಾಗಿಲಿಗೆ ಬಂದ.

"ಅಕ್ಕ, ಆ ಹುಡುಗಿ ಹದಿನಾರು ವರ್ಷದಿಂದ ಒಂದು ಮಾತ್ರೆ ಅತ್ತಿತ್ತ ಮಾಡಿದವಳಲ್ಲ. ನಿಮ್ಮ ಸಂಖ್ಯೆ ಸರಿ ಇತ್ತಾ?"

"ನನ್ನ ಸಂಖ್ಯೆನ ಪ್ರಶ್ನೆ ಮಾಡೋಕೆ ಬಂದ್ಯಾ? ಸ್ಟ್ರೆಚರ್ ತಳ್ಳೋದು ಬಿಟ್ಟು ಇದೂ ಕಲ್ತ್ಯಾ?"

"ಕೇಳಿದ್ದಕ್ಕೇ ಹಿಂಗೆ ಉರಿತೀರಲ್ಲ. ನಮ್ಮ ಹೆಸರೂ ಬೋರ್ಡಿಗೆ ಬರ್ಕೊಳ್ಳಿ ಮತ್ತೆ. ತಳ್ಳೋರಿಗೊಂದು ಕಾಲಂ ಇಲ್ಲ ಅಂತ ಬೇಜಾರಾಗಿತ್ತು."

ಹೋದ. ಮಾತು ಕಿವಿಯಲ್ಲೇ ಕೂತಿದೆ. ಎಲ್ಲ ವಾರ್ಡಿನ ಕೈಗಳೂ ಮೂರೇ ದಿನದಲ್ಲಿ ನೆಟ್ಟಗಾದದ್ದು ಹೇಗೆ? ನರಗಳೇನು ರಾತ್ರೋರಾತ್ರಿ ದಪ್ಪಗಾದವೇ?

ನವೆಂಬರ್ 19, ಮಂಗಳವಾರ

ಪರೀಕ್ಷೆ ಮುಗಿದ ಟ್ಯೂಬನ್ನು ನಾವು ಏಳು ದಿನ ತಣ್ಣಗೆ ಇಟ್ಟಿರುತ್ತೇವೆ. ಅಜ್ಜಿಯ ಹನ್ನೆರಡನೇ ತಾರೀಕಿನ ಟ್ಯೂಬಿಗೆ ಇವತ್ತೇ ಕೊನೆ. ಹತ್ತು ಗಂಟೆಗೆ ತ್ಯಾಜ್ಯ ಒಯ್ಯುವ ಹಳದಿ ಚೀಲದವರು ಬರುತ್ತಾರೆ. ಒಂಬತ್ತೂವರೆಗೆ ಟ್ರೇ ಹೊರತೆಗೆದೆ.

ಟ್ಯೂಬು ಗೆರೆ ಮುಟ್ಟಿತ್ತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ನರದಿಂದ ನೇರ ಇಳಿದ ರಕ್ತ ಹೀಗೆ ಗೆರೆಗೆ ಗೆರೆ ಕೂರುವುದು ಅಪರೂಪ. ಕಿಟಕಿಯ ಬೆಳಕಿಗೆ ಹಿಡಿದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿದ ಮೇಲೆ ಕೆಂಪು ಕೆಳಗೆ, ಹಳದಿ ನೀರು ಮೇಲೆ. ಹಳದಿ ಪೇಲವವಾಗಿತ್ತು. ಕೆಂಪು ಗಿಡ್ಡವಾಗಿತ್ತು.

ಅಳತೆಪಟ್ಟಿ ಇಟ್ಟೆ. ಅದೇ ದಿನ ಅಜ್ಜಿಯ ಇನ್ನೊಂದು ಟ್ಯೂಬಿನಲ್ಲಿ ಕೆಂಪುಕಣ ಎಷ್ಟು ಪಾಲು ಎಂದು ಅಳೆದ ಲೆಕ್ಕ ಇದೆ. ಆ ಪ್ರಕಾರ ಇಲ್ಲಿ ಕೆಂಪು ಸುಮಾರು ಹದಿನಾಲ್ಕು ಮಿಲಿಮೀಟರ್ ನಿಲ್ಲಬೇಕು. ಹನ್ನೆರಡಿದೆ.

ಎರಡು ಮಿಲಿಮೀಟರ್. ಆ ಜಾಗದಲ್ಲಿ ರಕ್ತ ಇಲ್ಲ, ಔಷಧ ಇದೆ. ದುಪ್ಪಟ್ಟು ಔಷಧ.

ಇದು ಅರೆಬರೆ ಟ್ಯೂಬಲ್ಲ, ಗೆರೆಯವರೆಗೂ ತುಂಬಿದೆ. ಎರಡು ಅರ್ಧ ಟ್ಯೂಬುಗಳನ್ನು ಒಂದಕ್ಕೆ ಸುರಿದರೆ ಮಾತ್ರ ಹೀಗಾಗುತ್ತದೆ. ಎರಡು ಅರ್ಧ ರಕ್ತ ಸೇರಿ ಒಂದು ರಕ್ತ. ಎರಡು ಪೂರಾ ಔಷಧ ಸೇರಿ ಎರಡು ಔಷಧ. ಗೆರೆ ಮಾತ್ರ ಸರಿಯಾಗಿ ಮುಟ್ಟುತ್ತದೆ. ಯಂತ್ರ ರಕ್ತ ತೆಳು ಅನ್ನುತ್ತದೆ, ಡಾಕ್ಟರು ಮಾತ್ರೆ ಇಳಿಸುತ್ತಾರೆ, ಒಳಗೆ ಕವಾಟದ ಮೇಲೆ ರಕ್ತ ಗಟ್ಟಿಯಾಗುತ್ತ ಹೋಗುತ್ತದೆ.

ಅಜ್ಜಿಯ ಟ್ಯೂಬನ್ನು ಪ್ರತ್ಯೇಕ ಡಬ್ಬಿಗೆ ಹಾಕಿ ಬೀಗ ಹಾಕಿದೆ. ಉಳಿದವನ್ನೂ ಅಳೆದೆ. ಏಳನೇ ವಾರ್ಡಿನ ಇಪ್ಪತ್ತೆರಡರಲ್ಲಿ ಒಂಬತ್ತು ಗಿಡ್ಡ. ಮೂರನೇ ವಾರ್ಡಿನಲ್ಲಿ ಆರು. ಐದರಲ್ಲಿ ಏಳು. ಅಳತೆಪಟ್ಟಿ ಕೆಳಗಿಟ್ಟೆ.

ಪ್ರತಿಯೊಂದರ ವರದಿಯ ಕೆಳಗೂ ನನ್ನ ಸಹಿ ಇದೆ.

ನವೆಂಬರ್ 20, ಬುಧವಾರ

ಬಟ್ಟೆ ಕೋಣೆಗೆ ಹೋದೆ. ಪ್ಯೋ ನರ್ಸ್ ದಿಂಬಿನ ಚೀಲ ಮಡಚುತ್ತಿದ್ದಳು. ನನಗಿಂತ ಚಿಕ್ಕವಳು, ಆದರೂ ಕಣ್ಣಿನ ಸುತ್ತ ನನ್ನಷ್ಟೇ ಕಪ್ಪು.

"ಎರಡು ಟ್ಯೂಬು ಒಂದಕ್ಕೆ ಸುರಿದ್ರಾ?" ಎಂದೆ, ಕೂರದೆ.

"ಹೂಂ, ಸುರಿದೆ."

ಅಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಅಂದುಕೊಂಡಿರಲಿಲ್ಲ. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ.

"ಯಾಕ್ರೀ? ತಲೆ ಇಲ್ವಾ?"

"ಗೆರೆ ಮುಟ್ಟಿಸಿ ಅಂದಿದ್ದು ನೀವೇ ಅಲ್ವಾ ಮೇಡಂ? ಹೆಂಗಾದ್ರೂ ಮುಟ್ಟಿಸಿ ಅಂದ್ರಿ. ಮುಟ್ಟಿಸಿದೆ. ಒಂದೇ ಮನುಷ್ಯರ ರಕ್ತ, ಒಂದೇ ಬಣ್ಣದ ಮುಚ್ಚಳ, ಒಂದೇ ನಿಮಿಷದಲ್ಲಿ ತೆಗೆದಿದ್ದು. ಸೇರಿಸಿದ್ರೆ ಏನಾಗುತ್ತೆ ಅಂದ್ಕೊಂಡೆ. ಅಜ್ಜಿಗೆ ನಾಲ್ಕನೇ ಸಲ ಚುಚ್ಚೋ ಬದಲು ಇದೇ ವಾಸಿ ಅನ್ನಿಸ್ತು."

"ಒಳಗೆ ಔಷಧ ಇರುತ್ತೆ, ಅದಕ್ಕೊಂದು ಪ್ರಮಾಣ ಇರುತ್ತೆ ಅಂತ ಗೊತ್ತಿಲ್ವಾ?"

"ಔಷಧ ಇದೆ ಅಂತ ಗೊತ್ತು. ಎರಡು ಸೇರಿದ್ರೆ ಲೆಕ್ಕ ತಪ್ಪುತ್ತೆ ಅಂತ ಯಾರು ಹೇಳಿದ್ರು? ನಿಮ್ಮ ಸುತ್ತೋಲೆ ನನಗೆ ಬಾಯಿಪಾಠ ಬರುತ್ತೆ. ಹೇಳ್ಲಾ? ಅದರಲ್ಲಿ 'ವಾಪಸ್' ಅಂತ ಆರು ಸಲ ಇದೆ. 'ಯಾಕೆ' ಅಂತ ಒಂದು ಸಲನೂ ಇಲ್ಲ." ದಿಂಬಿನ ಚೀಲವನ್ನು ಮತ್ತೆ ಬಿಡಿಸಿ ಮತ್ತೆ ಮಡಚಿದಳು. "ತಪ್ಪೊಪ್ಪಿಗೆ ಪತ್ರ ಓದಿದ ದಿನ ನಮ್ಮ ವಾರ್ಡಲ್ಲಿ ಒಬ್ಬಳು ಕಿವಿಯಲ್ಲಿ ಹೇಳಿದ್ಲು, ಹಿಂಗೆ ಮಾಡು, ಮೂರನೇ ವಾರ್ಡಲ್ಲಿ ಎಲ್ಲರೂ ಹಿಂಗೇ ಮಾಡ್ತಾರೆ ಅಂತ. ಅವಳ ಹೆಸರು ಕೇಳಬೇಡಿ."

ಕೇಳಲಿಲ್ಲ.

"ಅಜ್ಜಿಗೆ ಇದರಿಂದಾನೇ ಆಯ್ತಾ?" ಎಂದಳು.

ಹೌದು ಎಂದೆ. ಬಟ್ಟೆಯ ಕಂತೆ ಮೇಲೆ ಕೂತುಬಿಟ್ಟಳು.

ನವೆಂಬರ್ 21, ಗುರುವಾರ

ಸುತ್ತೋಲೆ ತೆಗೆದು ಎಣಿಸಿದೆ. ಆರಲ್ಲ, ಏಳು ಸಲ ಇದೆ.

ನವೆಂಬರ್ 22, ಶುಕ್ರವಾರ

ಡಾ. ಯೋಮ್‌ಗೆ ಟ್ಯೂಬು, ಅಳತೆ, ಎಲ್ಲ ತೋರಿಸಿದೆ. ರಕ್ತ ತೆಳುವಾಗಿಸುವ ಮಾತ್ರೆಯ ಮೇಲಿರುವ ಎಲ್ಲ ರೋಗಿಗಳ ರಕ್ತವನ್ನೂ ಇವತ್ತೇ ಮತ್ತೆ ತೆಗೆಸಬೇಕು ಎಂದೆ. ಅವರು ಬಾಗಿಲು ಮುಚ್ಚಿ ನನಗೆ ತಾವೇ ಬಾರ್ಲಿ ಟೀ ಹಾಕಿಕೊಟ್ಟರು.

"ಟಾಕ್ ಅವರೇ, ಮತ್ತೆ ತೆಗೆಸಿದ್ರೆ ನಾವೇ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ. ಸ್ವಲ್ಪ ತಾಳಿ. ನಿಮ್ಮ ಕಣ್ಣು ಚುರುಕು, ಇದನ್ನ ಹಿಡಿದ್ರಿ. ಈಗ ಸಮಿತಿಗೆ ಒಂದೇ ಸಾಲು ಬರ್ಕೊಡಿ. ಸದರಿ ನರ್ಸ್ ಲಿಖಿತ ಸುತ್ತೋಲೆ ಮೀರಿ ಸ್ವಂತ ಬುದ್ಧಿಯಿಂದ ಮಾದರಿಗಳನ್ನ ಬೆರೆಸಿದ್ದಾಳೆ. ಅದು ಸುಳ್ಳಾ? ಅಲ್ವಲ್ಲ."

"ಸುಳ್ಳಲ್ಲ."

"ಜನವರಿಗೆ ಹೊಸ ಯಂತ್ರ. ಬಿಸಾಡೋ ಟ್ಯೂಬು ಎಲ್ಲ ವಾರ್ಡಿಗೆ. ನಿಮ್ಮ ಮೇಜಿಗೆ ಇನ್ನೊಬ್ರು. ನಾನು ಮಾತು ಕೊಡ್ತೀನಿ. ನೀವು ವರ್ಷಗಟ್ಟಲೆ ಗಂಟಲು ಹರ್ಕೊಂಡಿದ್ದು ಇದಕ್ಕೇ ಅಲ್ವಾ?"

ಇದಕ್ಕೇ. ಅಂದರೆ ಯೋಚಿಸಬೇಕು. ಒಬ್ಬಳು ನರ್ಸಿನ ಲೈಸೆನ್ಸ್ ಒಂದು ಕಡೆ. ಮುಂದಿನ ಹತ್ತು ವರ್ಷ ಈ ಆಸ್ಪತ್ರೆಯಿಂದ ಹೊರಡುವ ಪ್ರತಿ ಸಂಖ್ಯೆಯೂ ಸರಿಯಿರುವುದು ಇನ್ನೊಂದು ಕಡೆ. ಹೋರಾಟದಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡು ಮುಂದೆ ಹೋಗಬೇಕೆಂದು ನಾವೇ ಕಲಿಸಿದ್ದಲ್ಲವೇ. ಸಾಲೂ ಸುಳ್ಳಲ್ಲ. ಕರಡು ಬರೆದೆ. ಎರಡು ಸಲ ಓದಿದೆ. ಎಲ್ಲೂ ತಪ್ಪಿಲ್ಲ.

ನವೆಂಬರ್ 25, ಸೋಮವಾರ

ಮಧ್ಯಾಹ್ನ ಸೋಕ್ ಅಜ್ಜಿಯನ್ನು ನೋಡಲು ಹೋದೆ. ಪ್ಯೋ ಇನ್-ಜು ಅಲ್ಲಿದ್ದಳು, ಸಮವಸ್ತ್ರವಿಲ್ಲದೆ, ಊಟದ ಬಿಡುವಿನಲ್ಲಿ. ಸಿಂಪಿ ಹಾಕಿದ ಅಕ್ಕಿ ಗಂಜಿಯನ್ನು ಚಮಚದ ತುದಿಯಲ್ಲಿ ಇಷ್ಟಿಷ್ಟೇ ಕೊಡುತ್ತಿದ್ದಳು. ಗಂಟಲಿಗೆ ಇಳಿಯುವುದಕ್ಕಿಂತ ಗದ್ದಕ್ಕೆ ಬರುವುದೇ ಹೆಚ್ಚು. ಅಜ್ಜಿ ನನ್ನನ್ನು ನೋಡಿ ಎಡಗೈ ಎತ್ತಿ ಏನೋ ಹೇಳಲು ಹೋದಳು. ಗರ್‌ ಎಂಬ ಸದ್ದು ಬಂತು.

"ದಪ್ಪ ಆಗಿದ್ದೀಯ ಅಂತಿದ್ದಾರೆ," ಎಂದಳು ಇನ್-ಜು.

"ನಿನಗೆ ಅರ್ಥ ಆಗುತ್ತಾ?"

"ಮೂರು ವಾರ ಬೈಸ್ಕೊಂಡಿದ್ದೀನಿ, ಅರ್ಥ ಆಗದೆ ಇರುತ್ತಾ ಅಕ್ಕ?"

ನಾವಿಬ್ಬರೂ ನಕ್ಕೆವು, ಅಜ್ಜಿಯ ಎದುರಿಗೇ. ಆಮೇಲೆ ನನಗೆ ಗದ್ದ ಒರೆಸುವ ಬಟ್ಟೆ ಹಿಡಿಯಲು ಹೇಳಿದಳು. ಹಿಡಿದೆ.

ಏಳನೇ ವಾರ್ಡಿನಲ್ಲಿ ಇದೇ ಮಾತ್ರೆಯ ಮೇಲೆ ಇನ್ನೂ ಐದು ಜನರಿದ್ದಾರೆ. ಅವರ ಹೆಸರುಗಳನ್ನು ಇನ್-ಜು ಕಾಗದ ನೋಡದೆ ಹೇಳಿದಳು. ಮೂರು ದಿನದಿಂದ ನಾನು 'ತಾಳಿ'ದ್ದೇನೆ. ಜನವರಿಯವರೆಗೆ ಅವರ ರಕ್ತ ತಾಳುತ್ತದೆಯೇ?

ನವೆಂಬರ್ 26, ಮಂಗಳವಾರ

ಬೆಳಿಗ್ಗೆ ಉಗ್ರಾಣದಿಂದ ಅವಧಿ ಮೀರಿದ ಎರಡು ಪೆಟ್ಟಿಗೆ ಟ್ಯೂಬು ಎತ್ತಿಕೊಂಡು ಏಳನೇ ವಾರ್ಡಿಗೆ ಹೋದೆ. ಬಿಸಾಡುವುದಕ್ಕೆ ಅವಧಿ ಮೀರಿದ್ದೂ ನಡೆಯುತ್ತದೆ. ಇದು ಇಷ್ಟು ದಿನ ನನಗೇಕೆ ಹೊಳೆಯಲಿಲ್ಲವೋ. ವಾರ್ಡಿನ ಡಾಕ್ಟರಮ್ಮ ಚೀಟಿ ಹಿಡಿದು ಕೇಳಿದಳು, "ಐದು ಜನಕ್ಕೂ ಮತ್ತೆ ಯಾಕೆ? ಕಾರಣ ಏನಂತ ಬರೀಲಿ?"

"ಲ್ಯಾಬ್ ತಪ್ಪು ಅಂತ ಬರೀರಿ."

"ಯೋಮ್ ಸರ್‌ಗೆ ಗೊತ್ತಾ?"

"ಬರೆದ ಮೇಲೆ ಗೊತ್ತಾಗುತ್ತೆ."

ಪಾಳಿಯ ನರ್ಸುಗಳನ್ನು ಸೇರಿಸಿ, ಒಂದು ಚಮಚ ಉಪ್ಪು ಸಾಕಾದ ಲೋಟ ನೀರಿಗೆ ಎರಡು ಚಮಚ ಬಿದ್ದ ಹಾಗೆ ಎಂದು ಹೋಲಿಸಿ ಹೇಳಿದೆ. ನಾಲ್ಕು ನಿಮಿಷ ಹಿಡಿಯಿತು. ನಾಲ್ಕೇ ನಿಮಿಷ.

"ಇಷ್ಟೇನಾ?" ಎಂದಳೊಬ್ಬಳು. "ಇದನ್ನ ಮೊದಲೇ ಹೇಳಿದ್ರೆ ನಿಮ್ಮ ಬಾಯೇನು ಸವೀತಿತ್ತಾ?"

ಬಿಸಾಡುವ ಟ್ಯೂಬು ಮೊದಲು, ನೀಲಿ ಆಮೇಲೆ. ಐದೂ ಒಂದೇ ಚುಚ್ಚಿಗೆ ಗೆರೆ ಮುಟ್ಟಿದವು. ನಾಲ್ವರ ಸಂಖ್ಯೆ ಪರವಾಗಿಲ್ಲ. ಐದನೆಯವರು ನಿವೃತ್ತ ಬಸ್ ಚಾಲಕರು, ಅವರಿಗೂ ಲೋಹದ ಕವಾಟ. ಸಂಖ್ಯೆ ಪಾತಾಳದಲ್ಲಿತ್ತು, ಅಂದರೆ ರಕ್ತ ಅಪಾಯವಾಗುವಷ್ಟು ಗಟ್ಟಿ. ಡಾಕ್ಟರಮ್ಮನಿಗೆ ಫೋನಿನಲ್ಲಿ ಸಂಖ್ಯೆಯನ್ನು ಎರಡು ಸಲ ಓದಿ ಹೇಳಿದೆ. ಹನ್ನೆರಡು ಗಂಟೆಗೆ ಅವರಿಗೆ ರಕ್ತ ತೆಳುವಾಗಿಸುವ ಇಂಜೆಕ್ಷನ್ ಬಿತ್ತು. ಮುದುಕ ಯಾಕೆ ಏನು ಎಂದು ಕೇಳದೆ ಪತ್ರಿಕೆ ಓದುತ್ತ ಮಲಗಿದ್ದರಂತೆ.

ಮಧ್ಯಾಹ್ನ ಇನ್-ಜು ಕೈಯಿಂದಲೇ ನನ್ನ ರಕ್ತ ತೆಗೆಸಿದೆ, ಬಟ್ಟೆ ಕೋಣೆಯಲ್ಲಿ, ಕಂತೆಗಳ ಮೇಲೆ ತೋಳಿಟ್ಟು. ಅವಳು ರೋಗಿಗಳನ್ನು ತಾನೇ ಮುಟ್ಟಬಾರದು, ನಾನು ರೋಗಿಯಲ್ಲ.

"ಅಕ್ಕ, ನಿಮ್ಮ ನರನೂ ಸಿಗಲ್ಲ. ನಿಮ್ಮ ಬೋರ್ಡಲ್ಲಿ ನಿಮಗೇ ಗುರುತು ಬೀಳೋದು."

"ಮಾತು ಕಮ್ಮಿ ಮಾಡಿ ಚುಚ್ಚು."

ಒಂದು ಪೂರ್ತಿ ಟ್ಯೂಬು, ಎರಡು ಅರ್ಧ. ಅರ್ಧಗಳನ್ನು ಅವಳೇ ಒಂದಕ್ಕೆ ಸುರಿದಳು; ಸುರಿಯುವಾಗ ಕೈ ಒಂಚೂರೂ ಅಲ್ಲಾಡಲಿಲ್ಲ, ಅಷ್ಟು ಅಭ್ಯಾಸ. ಪೂರ್ತಿ ಟ್ಯೂಬಿನ ರಕ್ತ ಹೆಪ್ಪುಗಟ್ಟಲು ಇಪ್ಪತ್ತೊಂಬತ್ತು ಸೆಕೆಂಡು. ಸುರಿದದ್ದಕ್ಕೆ ಮೂವತ್ತೇಳು. ಒಂದೇ ತೋಳು, ಒಂದೇ ನಿಮಿಷ.

ಬೋರ್ಡನ್ನು ನಾಲ್ಕು ಗಂಟೆಗೆ ಕಿತ್ತುಹಾಕಿದೆ. ಗೋಡೆಯಲ್ಲಿ ಎರಡು ತೂತು ಉಳಿದಿವೆ.

ನವೆಂಬರ್ 28, ಗುರುವಾರ

ವಿಚಾರಣೆ. ಮೇಜಿನ ಆಚೆ ಐದು ಜನ, ನಡುವೆ ಡಾ. ಯೋಮ್. ಈಚೆ ಇನ್-ಜು ಒಬ್ಬಳೇ. ಬಾಗಿಲ ಬಳಿ ಗ್ವಾಕ್, ಸಂಘದ ಕೆಂಪು ಅಂಗಿಯಲ್ಲಿ. ಸಾಕ್ಷಿಯ ಕುರ್ಚಿ ಗೋಡೆ ಪಕ್ಕ ಇತ್ತು. ಅದನ್ನೆತ್ತಿ ಇನ್-ಜು ಪಕ್ಕಕ್ಕೆ ಹಾಕಿಕೊಂಡು ಕೂತೆ.

ಬರೆದುಕೊಂಡು ಹೋದದ್ದನ್ನು ಓದಿದೆ. "ಟ್ಯೂಬು ಸುರಿದ ಕೈ ಪ್ಯೋ ಇನ್-ಜು ಅವರದು. ಸುರಿಯುವಂತೆ ಮಾಡಿದ ಸುತ್ತೋಲೆ ನನ್ನದು. ಅದರಲ್ಲಿ ಕಾರಣ ಬರೆಯದೆ ಬೆದರಿಕೆ ಬರೆದವಳು ನಾನು. ಸುರಿದ ಟ್ಯೂಬನ್ನು ಪರೀಕ್ಷಿಸಿ ಸಹಿ ಹಾಕಿದವಳೂ ನಾನು. ಬಿಸಾಡುವ ಟ್ಯೂಬು ಕೊಡುತ್ತೇವೆಂದು ಸಹಿ ಹಾಕಿ ಕೊಡದವರು ನೀವು."

"ಟಾಕ್ ಅವರೇ, ಇದು ನಿಮ್ಮ ಮೇಲೇ ಬರುತ್ತೆ, ಯೋಚಿಸಿದ್ದೀರಾ?" ಎಂದರು ಯೋಮ್. ದನಿಯಲ್ಲಿ ಟೀ ಹಾಕಿಕೊಟ್ಟ ದಿನದ ಮೆದುತನ ಇರಲಿಲ್ಲ.

"ಬರಲಿ ಅಂತಾನೇ ಬರೆದಿದ್ದು."

ನನ್ನ ಎರಡು ಟ್ಯೂಬುಗಳನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಅಜ್ಜಿಯದು. ಅಳತೆಪಟ್ಟಿಯನ್ನು ಅವರ ಕಡೆ ತಳ್ಳಿದೆ. ಯಾರೂ ಮುಟ್ಟಲಿಲ್ಲ. ಕೊನೆಗೆ ವಕೀಲನಂತೆ ಕಾಣುತ್ತಿದ್ದವನು ತೆಗೆದುಕೊಂಡು ಅಳೆದ, ಮತ್ತೆ ಅಳೆದ, ಯೋಮ್ ಮುಖ ನೋಡಿದ.

ಆಗ ಬಾಗಿಲು ತೆರೆಯಿತು. ಬೇರೆ ಬೇರೆ ವಾರ್ಡುಗಳ ನರ್ಸುಗಳು. ನೂರಾರು ಜನ ಬರುತ್ತಾರೆಂದು ಗ್ವಾಕ್ ಬೆಳಿಗ್ಗೆ ಎದೆ ತಟ್ಟಿಕೊಂಡಿದ್ದ. ಬಂದದ್ದು ನಾಲ್ವರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಮಾತ್ರ ಬಾಯಿಬಿಟ್ಟಳು: "ಮೂರನೇ ವಾರ್ಡು. ನಾನೂ ಸುರಿದಿದ್ದೀನಿ. ಇವಳಿಗೆ ಹೇಳ್ಕೊಡ್ಸಿದ್ದೂ ನಾನೇ."

ಸಮಿತಿ ಎದ್ದು ಪಕ್ಕದ ಕೋಣೆಗೆ ಹೋಯಿತು. ನಲವತ್ತು ನಿಮಿಷ. ಇನ್-ಜು ನನ್ನ ತೋಳಿನ ಮೇಲೆ ಸೂಜಿಯಿಂದಾದ ನೀಲಿ ಕಲೆ ನೋಡಿ, "ಒತ್ತಿ ಹಿಡ್ಕೊಳ್ಳಿ ಅಂದಿದ್ನಲ್ಲ, ಒಂದು ಮಾತು ಕೇಳಲ್ಲ ನೀವು," ಎಂದು ಗೊಣಗಿದಳು.

ನವೆಂಬರ್ 29, ಶುಕ್ರವಾರ

ಏಳು, ಮೂರು, ಐದನೇ ವಾರ್ಡುಗಳಿಗೆ ಬಿಸಾಡುವ ಟ್ಯೂಬಿನ ಪೆಟ್ಟಿಗೆಗಳು ಬಂದಿವೆ. ಯಾರು ಕಳಿಸಿದ್ದೆಂದು ಯಾರೂ ಹೇಳುತ್ತಿಲ್ಲ. ಆದೇಶವಿಲ್ಲ, ಸಹಿ ಇಲ್ಲ. ಉಳಿದ ವಾರ್ಡುಗಳಿಗೆ ಇಲ್ಲ. ಏಳನೇ ವಾರ್ಡು ಬಿಟ್ಟು ಉಳಿದ ಕಡೆಯ ರೋಗಿಗಳ ರಕ್ತ ಮತ್ತೆ ತೆಗೆಸಲು ಆಡಳಿತದವರು ಇನ್ನೂ ಒಪ್ಪಿಲ್ಲ. ಇನ್-ಜು ಮತ್ತು ಆ ನಾಲ್ವರು ವಾರ್ಡು ವಾರ್ಡು ಸುತ್ತಿ ಈ ಮಾತ್ರೆಯ ಮೇಲಿರುವ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದಾರೆ. ಇಲ್ಲಿಯವರೆಗೆ ಮೂವತ್ತೊಂದು. ಮನೆಗೆ ಹೋದವರಿಗೆ ಗ್ವಾಕ್ ಫೋನು ಮಾಡುತ್ತಿದ್ದಾನೆ.

ನನ್ನನ್ನು ಮೇಜಿನಿಂದ ಎಬ್ಬಿಸಿದ್ದಾರೆ. ಬೀಗದ ಕೈ ಕೊಟ್ಟೆ. ಅಳತೆಪಟ್ಟಿ ಕೊಡಲಿಲ್ಲ, ಅದು ನನ್ನದು.

ಸಂಜೆ ಐದಕ್ಕೆ ಎರಡು ಲಕೋಟೆ ಬಂದವು. ಒಂದು ಇನ್-ಜುಗೆ: ಆರೋಪ ತಡೆಹಿಡಿಯಲಾಗಿದೆ, ಸೋಮವಾರದಿಂದ ಏಳನೇ ವಾರ್ಡಿಗೆ ಹಾಜರಾಗಬೇಕು. ಇನ್ನೊಂದು ನನಗೆ. ಆರೋಪಿಯ ಹೆಸರು ಇರುವ ಜಾಗದಲ್ಲಿ ಟಾಕ್ ಸುನ್-ಓಕ್ ಎಂದಿದೆ, ಸ್ಪಷ್ಟವಾಗಿ, ಒಂದಕ್ಷರ ತಪ್ಪಿಲ್ಲದೆ.

ನನ್ನ ವಿಚಾರಣೆ ಡಿಸೆಂಬರ್ 3, ಮಂಗಳವಾರ, ಬೆಳಿಗ್ಗೆ ಹತ್ತೂವರೆ, ಆರನೇ ಮಹಡಿ. ಆ ಮೂವತ್ತೊಂದು ಹೆಸರನ್ನು ಮೊದಲು ಓದುತ್ತೇನೆ, ನನ್ನದನ್ನು ಆಮೇಲೆ.